‘ಗಲ್ಲದ ಎಲುಬು’ ಮುರಿದಿದೆ ಎಂದರೆ ಮುರಿದದ್ದು ಯಾವುದು?

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಕನ್ನಡ ಓದುಗರಿಗಾಗಿ ಮುಖದ ಎಲುಬುಗಳ ಮುರಿತದ ಕುರಿತು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದು, ಅದರಲ್ಲಿ ‘ಗಲ್ಲ’ ಎಂಬ ಪದವನ್ನು ಬಳಸಬಹುದೇ ಎಂಬ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ. ಉತ್ತರ ಕರ್ನಾಟಕದವರಿಗೆ ಗಲ್ಲವೆಂದರೆ ಕೆನ್ನೆ. ಸಂಸ್ಕೃತದಲ್ಲಿಯೂ ಅದೇ ಅರ್ಥ. ಆದರೆ ಬಾಯಿಯ ಕೆಳಗಿನ ಗದ್ದವನ್ನೇ ಗಲ್ಲವೆನ್ನುವವರೂ ಕಡಿಮೆಯಿಲ್ಲ. ಮಲಯಾಳದಿಂದ ಎರವಲು ತರೋಣವೆಂದರೆ, ಅಲ್ಲಿ ‘ತಾಡಿ’ ಎಂಬುದು ಗದ್ದಕ್ಕೂ ಗಡ್ಡಕ್ಕೂ ಸಲ್ಲುವ ಪದವಾದ್ದರಿಂದ, ‘ತಾಡಿಯೆಲ್ಲ್’ ನಮ್ಮಲ್ಲಿ ‘ಗಡ್ಡದ ಎಲುಬು’ ಆಗಿಬಿಟ್ಟೀತು.

ವೈದ್ಯಕೀಯವಾಗಿ ಕೆನ್ನೆಯ ಪೆಟ್ಟು, ಗದ್ದದ ಪೆಟ್ಟು ಎರಡೂ ಬೇರೆಬೇರೆ ಗಾಯಗಳು. ಕೆನ್ನೆಯ ಎಲುಬು ಕಣ್ಣುಗುಳಿಯ ಹೊರಗೋಡೆಗೂ ತಳಕ್ಕೂ ಸೇರಿದ್ದರಿಂದ, ಅದು ಕುಸಿದರೆ ಒಂದು ವಸ್ತು ಎರಡಾಗಿ ಕಾಣಬಹುದು, ಕೆನ್ನೆ ಮರಗಟ್ಟಬಹುದು. ಗದ್ದ ನೆಲಕ್ಕೆ ಅಪ್ಪಳಿಸಿದಾಗ ಪೆಟ್ಟಿನ ಬಲವು ಕೆಳದವಡೆಯುದ್ದಕ್ಕೂ ಸಾಗಿ, ಗದ್ದದಲ್ಲಿ ಚರ್ಮ ಮಾತ್ರ ಸೀಳಿದ್ದರೂ, ಕಿವಿಯ ಮುಂದಿನ ಕೀಲಿನ ಬಳಿ ಎಲುಬು ಮುರಿದಿರಬಹುದು. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವರು ಊಟಕ್ಕೆ ಕುಳಿತಾಗ ಬಾಯಿ ತೆರೆಯಲಾಗದೆ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದೆ, ಮುರಿತ ಗೊತ್ತಾಗುವುದುಂಟು. ಆದ್ದರಿಂದ ‘ಗಲ್ಲ’ವನ್ನು ಪೂರ್ತಿ ಕೈಬಿಟ್ಟು ಕೆನ್ನೆ, ಗದ್ದ, ಮೇಲ್ದವಡೆ, ಕೆಳದವಡೆ ಎಂದೇ ಬರೆಯುವುದು ಲೇಸೆಂದು ನನಗೆ ತೋರುತ್ತದೆ.

ಕಾರಣಗಳನ್ನು ಹೇಳುವಲ್ಲಿ ಪದಗಳ ತೊಡಕಿಲ್ಲ. ನಮ್ಮ ದೇಶದಲ್ಲಿ ಇಂಥ ಮುರಿತಗಳಿಗೆ ಮುಖ್ಯ ಕಾರಣ ರಸ್ತೆ ಅಪಘಾತ, ಅದರಲ್ಲಿಯೂ ದ್ವಿಚಕ್ರ ವಾಹನ. ಗಾಯಾಳುಗಳಲ್ಲಿ ಹೆಚ್ಚಿನವರು 20ರಿಂದ 40ರೊಳಗಿನ ಗಂಡಸರು. ತಲೆಯನ್ನಷ್ಟೇ ಮುಚ್ಚುವ ಹೆಲ್ಮೆಟ್ ಗದ್ದವನ್ನು ಕಾಯುವುದಿಲ್ಲ. ಹೊಡೆದಾಟ, ಆಟೋಟ, ಜಾರಿಬೀಳುವುದು ಆಮೇಲಿನವು. ಅಡಕೆ, ತೆಂಗಿನ ಮರಗಳಿಂದ ಬೀಳುವವರನ್ನು ನಮ್ಮ ಹೊತ್ತಗೆ ಮರೆಯುವಂತಿಲ್ಲ.

ಯಾವ ಪೆಟ್ಟಿಗೆ ಯಾವ ಎಲುಬು ಹೇಗೆ ಮುರಿಯುತ್ತದೆ ಎಂಬುದನ್ನು ಕೆಲವರು ‘ಮುರಿತದ ವಿನ್ಯಾಸ’ ಎನ್ನುತ್ತಾರೆ. ಯಾರೋ ಕುಳಿತು ರಚಿಸಿದಂತೆ ಕೇಳಿಸುವ ಈ ಪದ ನನಗೆ ಒಗ್ಗದು. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆ ಫೋರ್ 1901ರಲ್ಲಿ ಶವಗಳ ತಲೆಗೆ ಪೆಟ್ಟು ಕೊಟ್ಟು ಪರೀಕ್ಷಿಸಿ, ಮುಖದ ನಡುಭಾಗವು ಮುಖ್ಯವಾಗಿ ಮೂರು ಗೆರೆಗಳಲ್ಲಿ ಬಿರಿಯುತ್ತದೆಂದು ತೋರಿಸಿದರು: ಮೇಲಿನ ಹಲ್ಲುಸಾಲಿನ ಮೇಲೆ ಅಡ್ಡಲಾಗಿ ಒಂದು, ಮೂಗಿನ ಬುಡವನ್ನು ಸೇರಿಸಿ ಗೋಪುರದಾಕಾರದಲ್ಲಿ ಇನ್ನೊಂದು, ಮುಖವನ್ನೇ ತಲೆಬುರುಡೆಯಿಂದ ಬಿಡಿಸುವಂಥದ್ದು ಮತ್ತೊಂದು. ಇವಕ್ಕೆ ‘ಬಿರಿಗೆರೆ’ ಎಂದೂ, ಒಟ್ಟು ವಿಷಯಕ್ಕೆ ‘ಮುರಿತದ ಬಗೆಗಳು’ ಎಂದೂ ಬರೆದರೆ ಸಾಕಾದೀತೇ?

ಕಿವಿಯ ಮುಂದೆ ಕೀಲಿನೊಳಗೆ ಕೂರುವ ಕೆಳದವಡೆಯ ತುದಿಗುಬ್ಬಿಗೆ ನಿಮ್ಮ ಊರಿನಲ್ಲಿ, ಮುಖ್ಯವಾಗಿ ನಾಟಿವೈದ್ಯರ ಬಾಯಲ್ಲಿ, ಬಳಕೆಯ ಹೆಸರೇನಾದರೂ ಇದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿರಿ.