ಹಾಡಿದವರು, ಬರಕೊಂಡವರು, ತಿದ್ದಿದವರು: ಸೂಚಿಯಾಗ ಯಾರನ್ನ ಎಲ್ಲಿ ಕೂಡಿಸೂದು?

ಯಾದಗಿರಿ, ಕಾಲೇಜು ಲೈಬ್ರರಿ:
ಹಳೇ ಸೂಚಿ ಕಾರ್ಡುಗಳನ್ನ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರಿಗೆ ಏರಿಸ್ಲಿಕತ್ತೀವ್ರಿ. ತತ್ವಪದದ ಒಂದು ಪುಸ್ತಕಕ್ಕ ನಾಲ್ಕು ಹೆಸರು ಅವ. ಹಾಡಿದವರು, ಸಂಗ್ರಹಿಸಿದವರು, ಸಂಪಾದಕರು, ಮುನ್ನುಡಿಯವರು. ಕಾರ್ಡಿನಾಗ ನಾಲ್ಕೂ ಮಂದಿ 'ಲೇಖಕ'. ನೀವೆಲ್ಲ ಏನ್ ಮಾಡೀರಿ, ಸ್ವಲ್ಪ ಹೇಳ್ರಿ.

ಕಲಬುರಗಿ:
ಕಾರ್ಡು ಬದಿಗಿಟ್ಟು ಪುಸ್ತಕದ ಶೀರ್ಷಿಕೆ ಪುಟ ತೆಗೀರಿ. ಅಲ್ಲಿ ಹೆಂಗ ಅಚ್ಚಾಗ್ಯಾದೋ ಹಂಗೇ ಮಾರ್ಕ್ ದಾಖಲೆಯ (ಕಂಪ್ಯೂಟರ್ ಸೂಚಿಯ ನಮೂನೆ, ಒಂದೊಂದು ಫೀಲ್ಡಿಗೆ ಒಂದೊಂದು ನಂಬರು) 245ರ, ಅಂದ್ರ ಶೀರ್ಷಿಕೆ ಫೀಲ್ಡಿನ, ಸಿ ಉಪಫೀಲ್ಡಿಗೆ ಇಳಿಸ್ರಿ, 'ಸಂ.' ಅಂತಿದ್ದರ 'ಸಂ.' ಅಂತೇ. ಆಮ್ಯಾಲ ಒಬ್ಬೊಬ್ಬರಿಗೂ ಒಂದೊಂದು 700 (ಇತರ ಹೆಸರಿನ ಫೀಲ್ಡ್), ಅದರ ಇ ಉಪಫೀಲ್ಡಿನಾಗ ಅವರ ಕೆಲಸ. ಪದಗಳೆಲ್ಲ ಒಬ್ಬರವೇ ಇದ್ದರ, ಕಡಕೋಳ ಮಡಿವಾಳಪ್ಪನವರವು ಅನ್ಕೊಳ್ರಿ, 100ರಾಗ (ಮುಖ್ಯ ಕರ್ತೃವಿನ ಫೀಲ್ಡ್) ಅವರು. ಹತ್ತಾರು ಪದಕಾರರಿದ್ದರ 100 ಖಾಲಿ, ಪುಸ್ತಕ ಶೀರ್ಷಿಕೆ ಮ್ಯಾಲೇ ನಿಲ್ತದ. ಆರ್‌ಡಿಎ ಅನ್ನೋ ಸೂಚೀಕರಣ ನಿಯಮದ ಪ್ರಕಾರ ಇಂಥ ಸಂಕಲನದ ಸಂಪಾದಕರು ಕೃತಿಕಾರರಲ್ಲ, ಕೈಜೋಡಿಸಿದವರು.

ನಾವು ಇದನ್ನ ಕಲಿತದ್ದು ಮರ್ಯಾದಿ ಹೋದಮ್ಯಾಲ. ಆಳಂದ ಕಡೆ ಹುಡುಗಿ ಒಬ್ಬಾಕಿ ಬಂದು, ಬೀಸುವ ಪದದ ಪುಸ್ತಕದಾಗ ನಮ್ಮ ಅಜ್ಜಿ ಹಾಡ್ಯಾಳಂತ, ತೋರಸ್ರಿ ಅಂದಳು. ಸೂಚಿಯಾಗ ಎಷ್ಟು ಹುಡುಕಿದರೂ ಅಜ್ಜಿ ಇಲ್ಲ. ಕಡೀಕ ರ‍್ಯಾಕಿನಾಗಿಂದ ಕೈಲೆ ಹಿರಿದು ತೆಗೆದರ ಪ್ರತಿ ಪದದ ಕೆಳಗ ಸಣ್ಣ ಅಕ್ಷರದಾಗ 'ಹಾಡಿದಾಕೆ' ಅಂತ ಹೆಸರು, ಊರು ಎರಡೂ ಅದ. ನಮ್ಮ ದಾಖಲೆಯಾಗ ಲೇಖಕ ಅಂತ ಕೂತವರು ಎರಡು ಪುಟ ಮುನ್ನುಡಿ ಬರೆದ ಪ್ರೊಫೆಸರ್ ಒಬ್ಬರೇ! ಈಗ ಹಾಡಿದವರ ಹೆಸರು 500ರ ಟಿಪ್ಪಣಿಯಾಗೂ ಹಾಕ್ತೀವಿ, 700ರಾಗೂ ಕೊಡ್ತೀವಿ. ಇಪ್ಪತ್ತು ಮಂದಿ ಇದ್ದರ ಇಪ್ಪತ್ತು. ಕೈ ನೋಯ್ತದ, ನೋಯಲಿ.

ಬೀದರ್:
ನಮ್ಮಲ್ಲಿ ಉರ್ದುವಿನಿಂದ ಕನ್ನಡಕ್ಕ ಬಂದ ಪುಸ್ತಕ ಬಹಳ. ಅನುವಾದಕರ ಹೆಸರು 245ರಾಗ ಇತ್ತು, 700ರಾಗ ಇರಲಿಲ್ಲ. ಹೆಸರು ಒತ್ತಿದರ ಅವರವೇ ಬ್ಯಾರೆ ಪುಸ್ತಕ ಬರ್ತಿರಲಿಲ್ಲ. ಅದನ್ನ ಸರಿ ಮಾಡೂದ್ರಾಗ ಇನ್ನೊಂದು ಪೇಚು: ನಾ 'ಅನುವಾದಕ' ಅಂತ ಹಾಕಿದ್ದೆ, ಜೋಡಿದಾರರು 'ಅನು.' ಅಂತ, ಹಳಬರೊಬ್ಬರು 'ಭಾಷಾಂತರಕಾರ' ಅಂತ. ಅದಕ್ಕ '4' ಅನ್ನೋ ಉಪಫೀಲ್ಡಿನಾಗ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮೂರಕ್ಷರದ ಕೋಡ್ ಹಾಕ್ರಿ. ಅನುವಾದಕರಿಗೆ ಟಿಆರ್‌ಎಲ್, ಸಂಪಾದಕರಿಗೆ ಇಡಿಟಿ, ಸಂಗ್ರಾಹಕರಿಗೆ ಸಿಓಎಂ. ಓದುವವರಿಗೆ ಕನ್ನಡ ಪದ, ಯಂತ್ರಕ್ಕ ಕೋಡು. ಮೂಲ ಉರ್ದು ಅಂತ 041ರಾಗೂ (ಭಾಷೆಯ ಫೀಲ್ಡ್) ಹೇಳ್ರಿ.

ಹಾಂ, ವಚನದ ಪುಸ್ತಕ ಬಂದರ ಹುಷಾರ್. ನಮ್ಮ ಒಂದು ಕಾರ್ಡಿನಾಗ ಲೇಖಕರು 'ಕೂಡಲಸಂಗಮದೇವ' ಅಂತಿದ್ದರು. ಬಸವಕಲ್ಯಾಣ ಇರೋ ಜಿಲ್ಲಾದಾಗ!

ಸೇಡಂ:
ನೃಪತುಂಗನ ರಾಜಧಾನಿ ಮಳಖೇಡ ನಮ್ಮ ತಾಲ್ಲೂಕಿನಾಗೇ ಅದ, ಆದರೂ ಕವಿರಾಜಮಾರ್ಗದ ಎರಡು ಆವೃತ್ತಿ ಎರಡು ರ‍್ಯಾಕಿನಾಗ ಇದ್ದವು. ಒಂದು ನೃಪತುಂಗನ ಹೆಸರಿಗೆ, ಇನ್ನೊಂದು ಶ್ರೀವಿಜಯನ ಹೆಸರಿಗೆ. ಕೃತಿಯೇ ತನ್ನನ್ನ 'ನೃಪತುಂಗದೇವಾನುಮತ' ಅಂತದ, ಅಂದ್ರ ದೊರೆ ಒಪ್ಪಿಗಿ ಕೊಟ್ಟಾನ, ಬರೆದವ ಯಾರು ಅನ್ನೋ ವಾದ ಪಂಡಿತರದು. ನಾವು ಒಬ್ಬರನ್ನ 100ರಾಗ ಖಾಯಂ ಮಾಡಿ, ಇನ್ನೊಬ್ಬರಿಗೆ 700ರಾಗ 'ಕರ್ತೃವೆಂದು ಹೇಳಲಾದವರು' ಅಂತ ಕೊಟ್ಟೆವು, ಕೋಡ್ ಎಟಿಟಿ. ಯಾವ ಹೆಸರಿನಿಂದ ಹುಡುಕಿದರೂ ಎರಡೂ ಪುಸ್ತಕ ಒಟ್ಟಿಗೇ ಬರ್ತಾವ.

ಯಾದಗಿರಿ, ಕಾಲೇಜು ಲೈಬ್ರರಿ:
ಶೀರ್ಷಿಕೆ ಪುಟ ನೋಡಿದೆರಿ. ಕಾರ್ಡಿನಾಗ ಸಂಗ್ರಾಹಕರು ಅಂತಿದ್ದವರು ಬರೇ ಪ್ರಕಾಶಕರು! ಸಂಗ್ರಹ, ಸಂಪಾದನೆ ಎರಡೂ ಒಬ್ಬರದೇ. ಹಾಡಿದವರ ಹೆಸರಿನ ಮುಂದ 'ಮತ್ತು ಸಂಗಡಿಗರು' ಅಂತ ಅದ. ಈ ಸಂಗಡಿಗರನ್ನ ಎಲ್ಲಿ ಕೂಡಿಸ್ಲಿ?

ಕಲಬುರಗಿ:
ಸಂಗ್ರಹ, ಸಂಪಾದನೆ ಒಬ್ಬರದೇ ಆದರ 700 ಒಂದೇ ಸಾಕು, ಇ ಉಪಫೀಲ್ಡ್ ಎರಡು ಸಲ. ಸಂಗಡಿಗರ ಹೆಸರು ಸಂಗ್ರಾಹಕರ ಮಾತಿನಾಗ, ಕಡೇ ಪ್ಯಾರಾದಾಗ ಇರ್ತಾವ ನೋಡ್ರಿ. ತಾಳ ಹಾಕಿದವರು, ದಮ್ಮಡಿ ಬಾರಿಸಿದವರು ಅಂತ ನಮ್ಮ ಪುಸ್ತಕದಾಗ ಅಲ್ಲೇ ಸಿಕ್ಕವು.