ಚಾಫ್ ಕಟ್ಟರಿನ ಬಾಗಿದ ರೆಕ್ಕೆ: ಮನೆಯಲ್ಲಿಯೇ ದುರಸ್ತಿ ಮಾಡಿ ತೂಕ ಸರಿಹೊಂದಿಸಬಹುದೇ?

ಪ್ರಶ್ನೆ (ಬೆಳ್ಮಣ್ಣಿನ ಹೈನುಗಾರರು):

ಶೆಟ್ರೇ, ನಮಸ್ಕಾರ. ನಮ್ಮಲ್ಲಿ ದನಗಳಿಗೆ ನೇಪಿಯರ್ ಹುಲ್ಲು ಮತ್ತು ಅಡಿಕೆ ಹಾಳೆ ಕತ್ತರಿಸಲು 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಚಾಫ್ ಕಟ್ಟರ್ ಇದೆ. ಕತ್ತರಿಸಿದ ಮೇವನ್ನು ಮೇಲಿನ ಕೊಳವೆಯಿಂದ ಹೊರಗೆ ಎಸೆಯುವ ಮಾದರಿ ಅದು. ಒಳಗಿನ ದುಂಡು ತಟ್ಟೆಯ ಮೇಲೆ ಎರಡು ಬ್ಲೇಡುಗಳೂ ನಾಲ್ಕು ಎಸೆಯುವ ರೆಕ್ಕೆಗಳೂ ಬೋಲ್ಟಿನಿಂದ ಕೂತಿವೆ. ಹುಲ್ಲಿನ ಕಟ್ಟಿನೊಡನೆ ಜಲ್ಲಿಕಲ್ಲೊಂದು ಒಳಗೆ ಹೋದದ್ದರಿಂದ ಒಂದು ರೆಕ್ಕೆ ಬಾಗಿ, ಅದರ ತುದಿ ಹರಿದುಹೋಯಿತು. ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಬಡಿದು ನೇರಮಾಡಿ, ಹರಿದ ಜಾಗಕ್ಕೆ ತುಂಡೊಂದನ್ನು ಬೆಸೆದು ಕೊಟ್ಟರು. ಅಂದಿನಿಂದ ಯಂತ್ರ ವಿಪರೀತ ನಡುಗುತ್ತಿದೆ, ನೆಲದ ಬೋಲ್ಟುಗಳು ಸಡಿಲವಾಗುತ್ತಿವೆ, ಬೇರಿಂಗ್ ಕೈ ಇಡಲಾಗದಷ್ಟು ಬಿಸಿಯಾಗುತ್ತಿದೆ. ಇನ್ನೊಂದು ಅಂಗಡಿಯವರು ರೋಟರನ್ನೇ, ಅಂದರೆ ತಟ್ಟೆ ಮತ್ತು ಶಾಫ್ಟ್ ಸೇರಿದ ತಿರುಗುವ ಭಾಗವನ್ನೇ, ಬದಲಿಸಬೇಕೆಂದರು. ರೆಕ್ಕೆ ಬಿಚ್ಚಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದಾಗ, ಬೆಸೆದ ರೆಕ್ಕೆ ಉಳಿದವುಗಳಿಗಿಂತ 60 ಗ್ರಾಂ ಹೆಚ್ಚಿರುವುದು ಕಂಡಿತು. ಮೋಟಾರು 1440 ಆರ್‌ಪಿಎಂ, ಅದರ ಪುಲ್ಲಿ 4 ಇಂಚು, ರೋಟರಿನ ಪುಲ್ಲಿ 6 ಇಂಚು. ಇದನ್ನು ಮನೆಯಲ್ಲಿಯೇ ಸರಿಪಡಿಸುವ ಮಾರ್ಗವಿದೆಯೇ?

ಉತ್ತರ (ಶೆಟ್ರು, ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಷನ್ ವೃತ್ತಿಯವರು):

ಭಟ್ರೇ, ಮಾಡಬಹುದು. ಆದರೆ ತೂಕ ಸರಿಹೊಂದಿಸುವುದು ಈ ಕೆಲಸದಲ್ಲಿ ಕೊನೆಯ ಹಂತ. ಬಿರುಕು ಬಿಟ್ಟ ತಟ್ಟೆಯನ್ನಾಗಲಿ ಓರೆಯಾಗಿ ತಿರುಗುವ ತಟ್ಟೆಯನ್ನಾಗಲಿ ಎಷ್ಟು ನಾಜೂಕಾಗಿ ತೂಗಿದರೂ ಪ್ರಯೋಜನವಿಲ್ಲ. ಅದಕ್ಕಿಂತ ಮೊದಲು, ನಿಮ್ಮ 60 ಗ್ರಾಮಿನ ಅರ್ಥವೇನು ಎಂಬುದನ್ನು ನೋಡೋಣ.

ನಿಮ್ಮ ಪುಲ್ಲಿಗಳ ಲೆಕ್ಕದಲ್ಲಿ ರೋಟರ್ ನಿಮಿಷಕ್ಕೆ ಸುಮಾರು 960 ಸುತ್ತು ತಿರುಗುತ್ತದೆ. ಮಧ್ಯದಿಂದ 200 ಮಿಲಿಮೀಟರ್ ದೂರದಲ್ಲಿ 60 ಗ್ರಾಂ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಶಾಫ್ಟನ್ನು ಸುಮಾರು 12 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಸೆಳೆಯುತ್ತದೆ, ಮತ್ತು ಆ ಸೆಳೆತ ಸೆಕೆಂಡಿಗೆ 16 ಬಾರಿ ಸುತ್ತಲೂ ದಿಕ್ಕು ಬದಲಿಸುತ್ತದೆ. ಬೋಲ್ಟ್ ಸಡಿಲವಾಗುವುದಕ್ಕೂ ಬೇರಿಂಗ್ ಕಾಯುವುದಕ್ಕೂ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಈ ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹೆಚ್ಚು ದೂರ ಎಸೆಯಲೆಂದು ಪುಲ್ಲಿ ಬದಲಿಸಿ ವೇಗವನ್ನು ಇಮ್ಮಡಿ ಮಾಡಿದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಅಂಥ ಬದಲಾವಣೆಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ.

ಇನ್ನು ಕೆಲಸ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ. ಬೆಲ್ಟ್ ತೆಗೆದು, ತಟ್ಟೆ ತಾನಾಗಿ ತಿರುಗದಂತೆ ಮರದ ಬೆಣೆ ಕೊಡಿ, ಏಕೆಂದರೆ ಬ್ಲೇಡಿನ ಭಾರದಿಂದಲೇ ಅದು ತಿರುಗಿ ಬೆರಳನ್ನು ಕತ್ತರಿಸಬಲ್ಲದು. ಆಮೇಲೆ ತಟ್ಟೆಯನ್ನು ಪೂರ್ತಿಯಾಗಿ ಕೆರೆದು ತೊಳೆಯಿರಿ. ನಮ್ಮ ಕಡೆ ಮಳೆಗಾಲದಲ್ಲಿ ಹಸಿ ನೇಪಿಯರಿನ ರಸವೂ ಹಾಳೆಯ ನಾರೂ ಸೇರಿ ರೆಕ್ಕೆಗಳ ಬೆನ್ನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಮತ್ತು ಒಂದು ರೆಕ್ಕೆಯಿಂದ ಆ ಹೆಂಟೆ ಉದುರಿ ಇನ್ನೊಂದರಲ್ಲಿ ಉಳಿದರೆ ಅಷ್ಟರಿಂದಲೇ ಯಂತ್ರ ನಡುಗುತ್ತದೆ. ರೋಟರ್ ಕೆಟ್ಟಿದೆ ಎಂದು ನನ್ನಲ್ಲಿಗೆ ಬರುವ ಯಂತ್ರಗಳಲ್ಲಿ ಕೆಲವಕ್ಕೆ ಉಳಿಯೊಂದೇ ಔಷಧವಾಗಿರುತ್ತದೆ.

ಒಣಗಿದ ಮೇಲೆ ಬಿರುಕಿನ ಪರೀಕ್ಷೆ. ರೆಕ್ಕೆಯ ಬುಡ, ಬೋಲ್ಟಿನ ತೂತುಗಳ ಸುತ್ತ, ತಟ್ಟೆಯ ನಡುವಿನ ಹಬ್, ಈ ಕಡೆಗಳಲ್ಲಿ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕೆಂಪು ಬಣ್ಣದ ಡೈ ಪೆನೆಟ್ರಂಟ್ ಡಬ್ಬಿಗಳ ಸೆಟ್ ಸಿಕ್ಕಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಹಬ್ಬಿನಲ್ಲಿ ಅಥವಾ ತಟ್ಟೆಯಲ್ಲಿ ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಹೊಸದನ್ನೇ ತನ್ನಿ. ತಟ್ಟೆ ಬೀಡಿನದೋ (ಎರಕದ ಕಬ್ಬಿಣದ್ದೋ) ಉಕ್ಕಿನದೋ ಎಂಬ ಸಂಶಯವಿದ್ದರೆ ಅಂಚಿಗೆ ಗ್ರೈಂಡರ್ ಮುಟ್ಟಿಸಿ ನೋಡಿ: ಮೈಲ್ಡ್ ಸ್ಟೀಲಿನ ಕಿಡಿ ಹಳದಿಯಾಗಿ ಉದ್ದಕ್ಕೆ ಹಾರುತ್ತದೆ, ಬೀಡಿನ ಕಿಡಿ ಮಂಕು ಕೆಂಪಾಗಿ ಕಲ್ಲಿನ ಹತ್ತಿರವೇ ಆರುತ್ತದೆ. ಬಿರುಕು ಬಿಟ್ಟ ಬೀಡಿನ ತಟ್ಟೆಯನ್ನು ಬೆಸೆದು ತಿರುಗಿಸುವುದು ಮನೆಮಂದಿಯ ಜೀವದ ಮೇಲಿನ ಪಂತ. ಅದನ್ನು ನಾನು ಮಾಡಿಕೊಡುವುದಿಲ್ಲ, ಮಾಡಿಕೊಡುವವರಿದ್ದರೆ ಅವರ ಬಳಿ ಹೋಗಬೇಡಿ ಎಂದೇ ಹೇಳುತ್ತೇನೆ.

ರೆಕ್ಕೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು. ತುಂಡು ಬೆಸೆದ ಆ ರೆಕ್ಕೆಯನ್ನು ಉಳಿಸಿಕೊಳ್ಳಬೇಡಿ. ಅದರ ಎದುರಿನ ರೆಕ್ಕೆಯನ್ನೂ ಸೇರಿಸಿ ಎರಡನ್ನೂ ಹೊಸದಾಗಿ ಮಾಡಿಸಿ. ಬೈಕಂಪಾಡಿಯಲ್ಲಾಗಲಿ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಾಗಲಿ, ಹಳೆಯ ರೆಕ್ಕೆಯಷ್ಟೇ ದಪ್ಪದ ಒಂದೇ ಶೀಟಿನಿಂದ ಎರಡನ್ನೂ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಒಟ್ಟಿಗೆ ತೂತು ಕೊರೆಸಿ. ರೋಟರಿನ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಎರಡರ ತೂಕವನ್ನು ಒಂದೆರಡು ಗ್ರಾಮಿನ ಒಳಗೆ ತನ್ನಿ. ಅದರ ಜೊತೆಗೆ ಪ್ರತಿಯೊಂದನ್ನೂ ಪೆನ್ಸಿಲಿನ ಮೇಲೆ ಅಡ್ಡಲಾಗಿ ನಿಲ್ಲಿಸಿ ಭಾರದ ನಡುಬಿಂದುವನ್ನು ಗುರುತಿಸಿ, ಬೋಲ್ಟಿನ ತೂತಿನಿಂದ ಆ ಬಿಂದುವಿಗಿರುವ ಅಂತರ ಎರಡರಲ್ಲಿಯೂ ಒಂದೇ ಇದೆಯೇ ಎಂದು ಅಳೆಯಿರಿ. ತಕ್ಕಡಿಯಲ್ಲಿ ಸಮವಾಗಿದ್ದರೂ ಒಂದರ ಭಾರ ತುದಿಯಲ್ಲಿಯೂ ಇನ್ನೊಂದರ ಭಾರ ಬುಡದಲ್ಲಿಯೂ ಇದ್ದರೆ ತಿರುಗುವಾಗ ಅವು ಸಮವಲ್ಲ. ಬೋಲ್ಟುಗಳು 8.8 ದರ್ಜೆಯವೇ ಆಗಿರಲಿ, ಎಲ್ಲವೂ ಒಂದೇ ಉದ್ದದವಾಗಿರಲಿ, ನೈಲಾಕ್ ನಟ್ಟುಗಳನ್ನು (ನಡುಕಕ್ಕೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವಂಥವು) ಹೊಸದಾಗಿ ಹಾಕಿ.

ಜೋಡಿಸಿದ ಮೇಲೆ ಕವಚಕ್ಕೆ ಗಟ್ಟಿ ತಂತಿಯೊಂದನ್ನು ಸೂಚಿಯಂತೆ ಕಟ್ಟಿ, ಕೈಯಿಂದ ತಟ್ಟೆ ತಿರುಗಿಸುತ್ತ ಪ್ರತಿ ರೆಕ್ಕೆಯ ತುದಿಯೂ ಅದರಿಂದ ಸಮದೂರದಲ್ಲಿ ಸಾಗುತ್ತದೆಯೇ ನೋಡಿ. ಒಂದೇ ರೆಕ್ಕೆಯಲ್ಲಿ ವ್ಯತ್ಯಾಸವಿದ್ದರೆ ದೋಷ ರೆಕ್ಕೆಯದು. ಒಂದು ಕಡೆ ಹತ್ತಿರ, ಎದುರು ಕಡೆ ದೂರ ಎಂಬಂತಿದ್ದರೆ ತಟ್ಟೆಯೋ ಶಾಫ್ಟೋ ಬಾಗಿದೆ, ಆಗ ಲೇತ್ ಇರುವವರ ಬಳಿಗೇ ಹೋಗಬೇಕು. ಕಲ್ಲಿನ ಹೊಡೆತ ತಿಂದ ಬೇರಿಂಗನ್ನು ಬರಿಗೈಯಿಂದ ನಿಧಾನವಾಗಿ ತಿರುಗಿಸಿ, ಕರಕರ ಎಂದರೆ ಎರಡೂ ಕಡೆಯ ಬೇರಿಂಗುಗಳನ್ನು ಬದಲಿಸಿ.

ಈಗ ತೂಕ. ರೋಟರನ್ನು ಶಾಫ್ಟ್ ಸಮೇತ ಹೊರತೆಗೆಯಿರಿ. ಎರಡು ನೇರವಾದ ಆಂಗಲ್ ಪಟ್ಟಿಗಳನ್ನು ಏಣು ಮೇಲಾಗುವಂತೆ ಗಟ್ಟಿ ಮೇಜಿನ ಮೇಲೆ ಸಮಾನಾಂತರವಾಗಿ ಬಿಗಿದು, ರಸಮಟ್ಟದಿಂದ ಉದ್ದಕ್ಕೂ ಅಡ್ಡಕ್ಕೂ ಮಟ್ಟ ಹಿಡಿದು, ಶಾಫ್ಟನ್ನು ಅವುಗಳ ಮೇಲೆ ಇಡಿ. ಶಾಫ್ಟಿನ ದಪ್ಪ ಎರಡೂ ಕಡೆ ಒಂದೇ ಇರಬೇಕು, ಇಲ್ಲವಾದರೆ ಅದು ಓರೆಯಾಗಿ ಉರುಳುತ್ತದೆ. ಮೆಲ್ಲಗೆ ಉರುಳಿಸಿ ಬಿಟ್ಟಾಗ ಭಾರವಾದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತಿಸಿ, ಕಾಲು ಸುತ್ತು ತಿರುಗಿಸಿ ಬಿಡಿ. ಅದೇ ಗುರುತು ಮತ್ತೆ ಕೆಳಗೆ ಬಂದರೆ ಸಂಶಯವಿಲ್ಲ. ಅದರ ನೇರ ಎದುರಿಗೆ, 200 ಮಿಲಿಮೀಟರ್ ದೂರದಲ್ಲಿ, ಸಣ್ಣ ಅಯಸ್ಕಾಂತವನ್ನೂ ಅದಕ್ಕೆ ವಾಷರುಗಳನ್ನೂ ಅಂಟಿಸುತ್ತ ಹೋಗಿ. ತಟ್ಟೆಯನ್ನು ಯಾವ ಭಂಗಿಯಲ್ಲಿ ಬಿಟ್ಟರೂ ಅಲ್ಲಿಯೇ ನಿಂತಿತೆಂದರೆ, ಅಂಟಿಸಿದ್ದನ್ನು ತೆಗೆದು ತೂಗಿ. ಕಡಿಮೆಯಿರುವ ತೂಕ ಅದು.

ಆ ತೂಕವನ್ನು ರೆಕ್ಕೆಯ ಬೋಲ್ಟಿನ ಅಡಿಯಲ್ಲಿ ವಾಷರ್ ಅಥವಾ ಪಟ್ಟಿಯ ರೂಪದಲ್ಲಿ ಬಿಗಿಯಿರಿ. ಬೋಲ್ಟ್ 160 ಮಿಲಿಮೀಟರ್ ದೂರದಲ್ಲಿದ್ದರೆ 20 ಗ್ರಾಮಿನ ಜಾಗದಲ್ಲಿ 25 ಗ್ರಾಂ ಬೇಕಾಗುತ್ತದೆ. ತೂಕವನ್ನು ದೂರದಿಂದ ಗುಣಿಸಿದಾಗ ಬರುವ ಸಂಖ್ಯೆ ಒಂದೇ ಆಗಿರಬೇಕು, ಅಷ್ಟೇ ಲೆಕ್ಕ. ಹಗುರ ಬಿಂದುವು ಎರಡು ರೆಕ್ಕೆಗಳ ನಟ್ಟನಡುವೆ ಬಿದ್ದರೆ 20 ಗ್ರಾಮನ್ನು ಹತ್ತು ಹತ್ತಾಗಿ ಹಂಚಬಾರದು, ಎರಡಕ್ಕೂ 14 ಗ್ರಾಮಿನಂತೆ ಹಾಕಬೇಕು, ಏಕೆಂದರೆ ಎರಡೂ ಓರೆ ದಿಕ್ಕಿನಲ್ಲಿ ಎಳೆಯುತ್ತವೆ. ಎಂ-ಸೀಲಿನಲ್ಲಿ ಅಂಟಿಸಿದ ತೂಕ ಪರೀಕ್ಷೆಗೆ ಸರಿ, ಓಡಿಸುವಾಗ ಬೇಡ.

ಎಷ್ಟರ ಮಟ್ಟಿಗೆ ಸರಿಯಾದರೆ ಸಾಕು ಎಂದು ನೀವು ಕೇಳಿಯೇ ಕೇಳುತ್ತೀರಿ. ಹಿಂದೆ ಐಎಸ್‌ಒ 1940 ಎಂದಿದ್ದ, ಈಗ ಐಎಸ್‌ಒ 21940 ಆಗಿರುವ ಮಾನದಂಡದಲ್ಲಿ ಕೃಷಿ ಯಂತ್ರದ ಭಾಗಗಳಿಗೆ ಜಿ 16 ಎಂಬ ದರ್ಜೆಯಿದೆ, ಫ್ಯಾನುಗಳಿಗೆ ಅದಕ್ಕಿಂತ ಬಿಗಿಯಾದ ಜಿ 6.3 ಇದೆ. 15 ಕಿಲೋ ತೂಗುವ ರೋಟರ್ 960 ಆರ್‌ಪಿಎಂನಲ್ಲಿ ತಿರುಗುವಾಗ, 200 ಮಿಲಿಮೀಟರ್ ದೂರದಲ್ಲಿ ಮೊದಲನೆಯದು ಸುಮಾರು 12 ಗ್ರಾಮಿನ ವ್ಯತ್ಯಾಸವನ್ನೂ ಎರಡನೆಯದು ಸುಮಾರು 5 ಗ್ರಾಮಿನ ವ್ಯತ್ಯಾಸವನ್ನೂ ಒಪ್ಪುತ್ತದೆ. ನಿಮ್ಮ ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ತೋರಿಸುವುದರಿಂದ ಎರಡನೆಯ ಮಟ್ಟವೂ ಕೈಗೆಟಕುತ್ತದೆ. ಅಗಲ ಕಡಿಮೆಯಿರುವ ಇಂಥ ತಟ್ಟೆಗೆ ಹೀಗೆ ನಿಲ್ಲಿಸಿ ನೋಡುವ ವಿಧಾನ ಸಾಕು. ಉದ್ದನೆಯ ಡ್ರಮ್ ಮಾದರಿಯ ರೋಟರಿಗಾದರೆ ಸಾಲದು. ಅದರ ಎರಡು ತುದಿಗಳು ಬೇರೆ ಬೇರೆ ಕಡೆಗೆ ಭಾರವಾಗಿದ್ದರೂ ಪಟ್ಟಿಗಳ ಮೇಲೆ ಅದು ಸಮವಾಗಿಯೇ ಕಾಣುತ್ತದೆ.

ಮೊದಲ ಸಲ ಓಡಿಸುವಾಗ ಕವಚವನ್ನು ಪೂರ್ತಿ ಬಿಗಿದು, ಮೇವು ಹಾಕದೆ, ತಟ್ಟೆ ತಿರುಗುವ ನೇರದಿಂದ ಪಕ್ಕಕ್ಕೆ ನಿಂತು ಸ್ವಿಚ್ ಒತ್ತಿ. ಮಕ್ಕಳನ್ನೂ ದನಗಳನ್ನೂ ಆ ನೇರದಲ್ಲಿ ಬಿಡಬೇಡಿ.

ಕುಂದಾಪುರದಿಂದ ಒಬ್ಬರು:

ಅಣ್ಣ, ನಮ್ಮ ಯಂತ್ರದಲ್ಲಿ ರೆಕ್ಕೆಗಳು ತಟ್ಟೆಗೇ ಬೆಸೆದಿರುವುದರಿಂದ ಬಿಚ್ಚಲು ಬರುವುದಿಲ್ಲ. ಜಾಗದಲ್ಲಿಯೇ ವೆಲ್ಡಿಂಗ್ ಮಾಡಿಸಬಹುದೇ? ಬ್ಲೇಡುಗಳನ್ನು ಸಾಣೆ ಹಿಡಿಸಿದಾಗಲೂ ತೂಕ ನೋಡಬೇಕೇ?

ಉತ್ತರ:

ಅಕ್ಕ, ತಟ್ಟೆ ಉಕ್ಕಿನದಾಗಿದ್ದರೆ ಮಾಡಿಸಬಹುದು. ಆದರೆ ಅರ್ಥ್ ಕ್ಲಾಂಪನ್ನು ಯಂತ್ರದ ಕಾಲಿಗೆ ಕಚ್ಚಿಸಲು ಬಿಡಬೇಡಿ, ಬೆಸೆಯುವ ತಟ್ಟೆಗೇ ಕಚ್ಚಿಸಲು ಹೇಳಿ. ಇಲ್ಲವಾದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹಾದು ಅಲ್ಲಲ್ಲಿ ಸುಟ್ಟ ಕಲೆಗಳಾಗುತ್ತವೆ, ಮತ್ತು ಬೇರಿಂಗ್ ಬೇಗನೆ ಹಾಳಾಗುತ್ತದೆ. ಮೋಟಾರಿನ ವೈರನ್ನು ಕಳಚಿಡಿ. 4–5 ಮಿಲಿಮೀಟರ್ ದಪ್ಪದ ರೆಕ್ಕೆಗೆ 3.15 ಮಿಲಿಮೀಟರಿನ 6013 ವೆಲ್ಡಿಂಗ್ ರಾಡ್ ಸಾಕು. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ರೆಕ್ಕೆ ಒಂದು ಬದಿಗೆ ವಾಲುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಎರಡೂ ಬದಿಗಳಲ್ಲಿ ಬದಲಿಸುತ್ತ ಬೆಸೆಯಲಿ. ಬಿಸಿ ಇರುವಾಗ ನೀರು ಹಾಕಬೇಡಿ. ತೂಕ ಹೆಚ್ಚಾದ ಕಡೆ ವೆಲ್ಡಿನ ಉಬ್ಬನ್ನು ಸವರಿ ತೆಗೆಯಬಹುದಾದರೂ, ಬುಡದ ಜೋಡಣೆಯನ್ನು ತೆಳುವಾಗಿಸುವಷ್ಟು ಸವರಬಾರದು. ಅದಕ್ಕಿಂತ ಎದುರು ಕಡೆಗೆ ತೂಕ ಸೇರಿಸುವುದು ಲೇಸು.

ಬ್ಲೇಡುಗಳನ್ನು ಯಾವಾಗಲೂ ಜೋಡಿಯಾಗಿಯೇ ಸಾಣೆಗೆ ಕೊಡಿ, ಬಂದ ಮೇಲೆ ಎರಡನ್ನೂ ತೂಗಿ. ಸಾಣೆಯಿಂದ ಬ್ಲೇಡಿನ ಅಗಲ ತಗ್ಗುವುದರಿಂದ ಸ್ಥಿರ ಬ್ಲೇಡಿನೊಡನೆ ಇರುವ ಅಂತರವನ್ನೂ ಮತ್ತೆ ಹೊಂದಿಸಬೇಕು.

ಕೆನಡಾದ ಒಂಟಾರಿಯೊದಿಂದ, ಮಲ್ಪೆ ಮೂಲದವರು:

ಸರ್, ಇಲ್ಲಿ ಮನೆಯ ಮುಂದಿನ ಹಿಮ ತೆಗೆಯುವ ಸ್ನೋ ಬ್ಲೋವರಿನ ಒಳಗಿನ ಇಂಪೆಲರ್ ಕಲ್ಲು ತಗಲಿ ಬಾಗಿದೆ. ಶಿಯರ್ ಬೋಲ್ಟ್ ಇದ್ದೂ ಹೀಗೇಕಾಯಿತು? ನೀವು ಹೇಳಿದ ವಿಧಾನ ಇದಕ್ಕೂ ಸಲ್ಲುತ್ತದೆಯೇ?

ಉತ್ತರ:

ಸಲ್ಲುತ್ತದೆ, ತಮ್ಮ. ಎರಡು ಹಂತದ ಯಂತ್ರದಲ್ಲಿ ಮುಂದಿನ ಆಗರ್, ಅಂದರೆ ಸುರುಳಿಯಾಕಾರದ ಅಲಗು, ನಿಧಾನವಾಗಿ ತಿರುಗಿ ಹಿಮವನ್ನು ನಡುವಿಗೆ ತಳ್ಳುತ್ತದೆ, ಹಿಂದಿನ ಇಂಪೆಲರ್ ವೇಗವಾಗಿ ತಿರುಗಿ ಅದನ್ನು ಕೊಳವೆಯಿಂದ ಎಸೆಯುತ್ತದೆ. ಅತಿಯಾದ ಹೊಡೆತಕ್ಕೆ ತಾನೇ ತುಂಡಾಗುವ ಶಿಯರ್ ಬೋಲ್ಟ್ ಇರುವುದು ಆಗರನ್ನು ಕಾಯಲು, ಅದನ್ನು ದಾಟಿ ಒಳಗೆ ಬಂದ ಕಲ್ಲಿನಿಂದ ಇಂಪೆಲರನ್ನು ಅದು ಕಾಪಾಡುವುದಿಲ್ಲ. ನಿಮ್ಮದರಲ್ಲಿ ಮೂರು ರೆಕ್ಕೆಗಳಿದ್ದರೆ ಯಾವುದಕ್ಕೂ ನೇರ ಎದುರಿನ ರೆಕ್ಕೆ ಇರುವುದಿಲ್ಲ. ಬೆಸೆದ ರೆಕ್ಕೆ 20 ಗ್ರಾಂ ಹೆಚ್ಚಿದೆ ಎಂದಾದರೆ ಉಳಿದ ಎರಡಕ್ಕೂ ಅಷ್ಟೇ ದೂರದಲ್ಲಿ 20 ಗ್ರಾಮಿನಂತೆ ಸೇರಿಸಬೇಕು. ಅಂಚಿನ ಸಂದು ಮುಚ್ಚಲು ರಬ್ಬರ್ ಪಟ್ಟಿ ಹಾಕುವುದಾದರೆ ಮೂರಕ್ಕೂ ಹಾಕಿ, ಪಟ್ಟಿ ಮತ್ತು ಬೋಲ್ಟುಗಳನ್ನು ಮೊದಲೇ ತೂಗಿಕೊಳ್ಳಿ. ಕೊಳವೆಯಲ್ಲಿ ಹಿಮ ಕಟ್ಟಿಕೊಂಡಾಗ ಎಂಜಿನ್ ನಿಲ್ಲಿಸಿದ ಮೇಲೂ ಕೈ ಹಾಕಬೇಡಿ. ಒಳಗೆ ಉಳಿದಿರುವ ಬಿಗಿತದಿಂದ ಇಂಪೆಲರ್ ಒಮ್ಮೆ ಜಗ್ಗನೆ ತಿರುಗಬಹುದು. ಕೋಲನ್ನೇ ಬಳಸಿ.

ಬೆಳ್ಮಣ್ಣಿನ ಹೈನುಗಾರರು:

ಶೆಟ್ರೇ, ಎರಡು ರೆಕ್ಕೆಗಳನ್ನೂ ಬೇರಿಂಗುಗಳನ್ನೂ ಹೊಸದಾಗಿ ಹಾಕಿ, ಪಟ್ಟಿಗಳ ಮೇಲಿಟ್ಟು ತೂಕ ಸರಿಮಾಡಿದೆವು. ಪೂರ್ಣ ವೇಗದಲ್ಲಿ ಈಗ ನಡುಕವಿಲ್ಲ, ಬೇರಿಂಗಿನ ಮೇಲೆ ಕೈ ಇಡಬಹುದು. ಆದರೆ ಸ್ವಿಚ್ ಆಫ್ ಮಾಡಿದ ಮೇಲೆ ವೇಗ ಇಳಿಯುವಾಗ ನಡುವೆ ಒಮ್ಮೆ ಗಡಗಡ ಎಂದು ಅಲುಗಾಡಿ ಮತ್ತೆ ಸುಮ್ಮನಾಗುತ್ತದೆ.

ಉತ್ತರ:

ಅದು ರೋಟರಿನ ದೋಷವಲ್ಲ, ಸ್ಟ್ಯಾಂಡಿನದು. ಪ್ರತಿಯೊಂದು ಸ್ಟ್ಯಾಂಡಿಗೂ ತನ್ನದೇ ಆದ ಅಲುಗಾಟದ ಲಯವಿರುತ್ತದೆ, ವೇಗ ಇಳಿಯುತ್ತ ಆ ಲಯಕ್ಕೆ ಹೊಂದುವ ಕ್ಷಣದಲ್ಲಿ ಉಳಿದಿರುವ ಒಂದೆರಡು ಗ್ರಾಮಿನ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಹಿಂದಿನ ನಡುಕಕ್ಕೆ ನೆಲದ ತೂತುಗಳು ಅಗಲವಾಗಿರುತ್ತವೆ, ಅದೇ ತೂತಿನಲ್ಲಿ ಬೋಲ್ಟನ್ನು ಮತ್ತೆ ಬಿಗಿದರೆ ಹಿಡಿಯುವುದಿಲ್ಲ. ಯಂತ್ರವನ್ನು ಸ್ವಲ್ಪ ಸರಿಸಿ, ಕಾಂಕ್ರೀಟಿನಲ್ಲಿ ಹೊಸ ತೂತು ಕೊರೆದು ಆಂಕರ್ ಬೋಲ್ಟ್ ಹಾಕಿ, ನಾಲ್ಕು ಕಾಲುಗಳೂ ನೆಲಕ್ಕೆ ಸಮವಾಗಿ ಕೂತಿವೆಯೇ ನೋಡಿ, ಸಂದು ಇರುವ ಕಾಲಿನ ಅಡಿಗೆ ತಗಡು ಕೊಟ್ಟ ಮೇಲೆಯೇ ಬಿಗಿಯಿರಿ. ಒಂದು ವಾರ ಓಡಿಸಿದ ಬಳಿಕ ರೆಕ್ಕೆಗಳ ಬೋಲ್ಟುಗಳನ್ನೂ ಒಮ್ಮೆ ಸ್ಪ್ಯಾನರ್ ಹಾಕಿ ಪರೀಕ್ಷಿಸಿ.