ಕೆರೆಯಲ್ಲಿ ಮೀನು ಹಿಡಿಯೋಕೆ ಅಲ್ಯೂಮಿನಿಯಂ ಬೋಟಾ, ಫೈಬರ್ ಬೋಟಾ?

ಬಸವನಗುಡಿ_ಹುಡುಗ

ಎಲ್ಲರಿಗೂ ನಮಸ್ಕಾರ. ಮಿನ್ನೆಸೋಟಾಕ್ಕೆ ಬಂದು ನಾಲ್ಕು ವರ್ಷ ಆಯ್ತು. ಇಷ್ಟು ದಿನ ದಡದಲ್ಲೇ ನಿಂತು ಗಾಳ ಹಾಕುತ್ತಿದ್ದೆ. ಈ ಸಲ ಬೋಟ್ ತಗೊಳ್ಳೋಣ ಅಂತ ಎರಡು ಸೆಕೆಂಡ್ ಹ್ಯಾಂಡ್ ನೋಡಿಟ್ಟಿದ್ದೇನೆ. ಒಂದು 16 ಅಡಿಯ ಅಲ್ಯೂಮಿನಿಯಂ, 25 ಎಚ್‌ಪಿ ಇಂಜಿನ್. ಇನ್ನೊಂದು 18 ಅಡಿಯ ಫೈಬರ್, 150 ಎಚ್‌ಪಿ, 1990ರ ದಶಕದ್ದು. ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ! ಫೈಬರ್ ಬೋಟ್ ಫಳಫಳ ಹೊಳೆಯುತ್ತೆ, ಹೆಂಡತಿಗೂ ಅದೇ ಹಿಡಿಸಿದೆ. ನಮ್ಮ ಕಾರು ಹೋಂಡಾದ ಪೆಟ್ರೋಲ್ ಸಿಆರ್-ವಿ. ವಾಲೈ ಮೀನಿಗೆ ಮಿಲ್ ಲ್ಯಾಕ್ಸ್ ಕೆರೆ, ಉಳಿದಂತೆ ಮನೆ ಹತ್ತಿರದ ಸಣ್ಣ ಕೆರೆಗಳು. ಯಾವುದು ತಗೊಳ್ಳಲಿ?

ಗಂಗೊಳ್ಳಿ_ಮಾಣಿ

ಮಾರಾಯ್ರೆ, ಬೋಟ್ ಆಮೇಲೆ ನೋಡಿ, ಮೊದಲು ಕಾರು ನೋಡಿ. ನಿಮ್ಮ ಸಿಆರ್-ವಿ ಎಳೆಯೋದು 1,500 ಪೌಂಡ್, ಅಂದ್ರೆ 680 ಕಿಲೋ. ಆ ಫೈಬರ್ ಬೋಟು, 150ರ ಇಂಜಿನ್, ಟ್ರೇಲರ್ ಎಲ್ಲಾ ಸೇರಿ 3,000 ಪೌಂಡ್ ಆರಾಮಾಗಿ ದಾಟುತ್ತೆ. ಬೋಟ್ ರ‍್ಯಾಂಪಿನಲ್ಲಿ ಇಳಿಸೋದೇನೋ ಸುಲಭ, ಒದ್ದೆ ಇಳಿಜಾರಿನಲ್ಲಿ ವಾಪಸ್ ಎಳೆಯುವಾಗ ಗೊತ್ತಾಗುತ್ತೆ. ಅಲ್ಯೂಮಿನಿಯಂದು ಟ್ರೇಲರ್ ಸೇರಿ ಸಾವಿರ ಪೌಂಡ್ ಆಸುಪಾಸು. ಅರ್ಧ ಉತ್ತರ ಇಲ್ಲೇ ಸಿಕ್ಕಿತು, ಅಲ್ವಾ?

ಹಾಗಂತ ನಾನು ಫೈಬರ್ ವಿರೋಧಿ ಅಲ್ಲ. ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಅಪ್ಪನದ್ದು ಫೈಬರ್ ದೋಣಿ. ಮಳೆಗಾಲದಲ್ಲಿ ಅದನ್ನು ದಡಕ್ಕೆ ಎಳೆದು ಟಾರ್ಪಾಲಿನ ಕೆಳಗೆ ಕೆಲಸ ಶುರು. ಬಿರುಕನ್ನು ಉಜ್ಜಿ, ಗಾಜಿನ ನಾರಿನ ಮ್ಯಾಟ್ ಕತ್ತರಿಸಿ ಇಟ್ಟು, ಅಂಟಿನಂಥ ರೆಸಿನ್‌ಗೆ ಹಾರ್ಡ್ನರ್ ಹಾಕಿ ಬ್ರಷ್‌ನಲ್ಲಿ ಹಚ್ಚೋದು. ಹಾರ್ಡ್ನರ್ ಒಂಚೂರು ಜಾಸ್ತಿಯಾದ್ರೆ ಡಬ್ಬದಲ್ಲೇ ಬಿಸಿಯಾಗಿ ಗಟ್ಟಿ. ಉಜ್ಜಿದ ಪುಡಿ ಮೈಗೆ ತಾಗಿದ್ರೆ ಎರಡು ದಿನ ತುರಿಕೆ. ನಾನು ಕೊಬ್ಬರಿ ಎಣ್ಣೆ ಬಳಿದುಕೊಂಡೇ ಕೂರುತ್ತಿದ್ದೆ. ಆದ್ರೆ ಆ ಕೆಲಸ ನಮ್ಮ ಬೀದಿಯಲ್ಲಿ ಯಾರಿಗೆ ಬೇಕಾದ್ರೂ ಬರುತ್ತಿತ್ತು. ಉಪ್ಪುನೀರು, ಮರಳು ದಡ, ಕೈಗೆ ಸಿಗುವ ರಿಪೇರಿ. ಅಲ್ಲಿಗೆ ಫೈಬರೇ ಸರಿ.

ಇಲ್ಲಿನ ಕೆರೆಗಳಲ್ಲಿ ಕಲ್ಲು. ಅಲ್ಯೂಮಿನಿಯಂ ಕಲ್ಲಿಗೆ ತಾಗಿದ್ರೆ ತಗ್ಗು ಬೀಳುತ್ತೆ, ಬೈದುಕೊಂಡು ಮುಂದೆ ಹೋಗಬಹುದು. ಫೈಬರ್ ತಾಗಿದ್ರೆ ಮೇಲಿನ ನುಣುಪು ಪದರ, ಅಂದ್ರೆ ಜೆಲ್‌ಕೋಟ್ ಎದ್ದು ಬರುತ್ತೆ. ಹಾಗೇ ಬಿಟ್ಟರೆ ಒಳಗೆ ನೀರು ಸೇರುತ್ತೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದ್ರೆ ಬಿರುಕು ಇನ್ನೂ ದೊಡ್ಡದಾಗುತ್ತೆ. ಗಂಗೊಳ್ಳಿಯಲ್ಲಿ ಈ ಗೋಳು ಇರಲಿಲ್ಲ ನೋಡಿ.

ಇನ್ನೊಂದು. ಹಳೇ ಫೈಬರ್ ಬೋಟಿನ ಹಿಂದಿನ ಗೋಡೆ, ಅಂದ್ರೆ ಇಂಜಿನ್ ಕೂರುವ ಟ್ರಾನ್ಸಂ, ಒಳಗೆ ಸಾಮಾನ್ಯವಾಗಿ ಪ್ಲೈವುಡ್. ನಾನು ಇಲ್ಲಿ ಮೊದಲು ತಗೊಂಡಿದ್ದು ಅಂಥದ್ದೇ. ಪಾಲಿಶ್ ನೋಡಿ ಮರುಳಾದೆ. ಎರಡನೇ ತಿಂಗಳಿಗೆ ಇಂಜಿನ್ ಬೋಲ್ಟ್ ಬಿಚ್ಚಿದ್ರೆ ತೂತಿನಿಂದ ಕಂದು ನೀರು. ಒಳಗಿನ ಮರ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಮೀನುಗಾರನ ಮಗ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಯ್ತು. ಮಾರಿದವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಡುಲೂತ್_ಗಾಳ

ಮಾಣಿಯವರೇ, ಒಂದು ತಕರಾರು. ಮಿಲ್ ಲ್ಯಾಕ್ಸ್ ಅಂದ್ರೆ ನಮ್ಮೂರ ಕೆರೆ ಅಲ್ಲ, 500 ಚದರ ಕಿಲೋಮೀಟರಿಗಿಂತ ದೊಡ್ಡದು. ಆಳ ಮಾತ್ರ ಕಡಿಮೆ. ಗಾಳಿ ಎದ್ದರೆ ಅಲೆ ಒತ್ತೊತ್ತಾಗಿ, ನೆಟ್ಟಗೆ ಬರುತ್ತೆ. 16 ಅಡಿಯ ಅಲ್ಯೂಮಿನಿಯಂನಲ್ಲಿ ನನ್ನ ಸೊಂಟ ಹೋಗಿತ್ತು. ತಳಕ್ಕೆ ನೀರು ಬಡಿಯೋ ಸದ್ದು ಡಬ್ ಡಬ್ ಅಂತ. ಹಗುರ ಬೋಟನ್ನು ಗಾಳಿ ಎತ್ತಲೋ ತಳ್ಳಿಕೊಂಡು ಹೋಗುತ್ತೆ, ಗಾಳ ಒಂದು ಕಡೆ ನಾವೊಂದು ಕಡೆ. ಫೈಬರ್ ಭಾರ ಇರೋದ್ರಿಂದ ಅಲೆ ಸೀಳಿಕೊಂಡು ಮೆತ್ತಗೆ ಹೋಗುತ್ತೆ.

ಗಂಗೊಳ್ಳಿ_ಮಾಣಿ

ಒಪ್ಪಿದೆ ಸಾರ್. ಸದ್ದಿಗೆ ತಳದಲ್ಲಿ ರಬ್ಬರ್ ಮ್ಯಾಟ್ ಹಾಕಿದ್ದೇನೆ, ಪರವಾಗಿಲ್ಲ. ಅಲೆಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಗಾಳಿ ಜಾಸ್ತಿ ಇದ್ದ ದಿನ ನಾನು ಸಣ್ಣ ಕೆರೆಗೆ ಹೋಗುತ್ತೇನೆ. ಗಾಳಿ ದಿನ ಅಳಿವೆ ದಾಟಬೇಡ ಅಂತ ಅಪ್ಪ ಹೇಳುತ್ತಿದ್ದದ್ದು ಇಲ್ಲೂ ನಡೆಯುತ್ತೆ.

ಬಸವನಗುಡಿ_ಹುಡುಗ

ಥ್ಯಾಂಕ್ಸ್. ಕಾರಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ! ಆದ್ರೂ ಶನಿವಾರ ಹೋಗಿ ಫೈಬರ್ ಬೋಟಿನ ಹಿಂಬದಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿದೆ. ಮೇಲುಗಡೆ ಟಕ್ ಟಕ್, ಕೆಳಗೆ ಇಂಜಿನ್ ಹತ್ತಿರ ದಬ್ ದಬ್. ಇಂಜಿನ್ ಎತ್ತಿ ಅಲ್ಲಾಡಿಸಿದ್ರೆ ಗೋಡೆಯೇ ಸ್ವಲ್ಪ ಬಾಗುತ್ತೆ. ಹೆಂಡತಿ ಕೂಡ ಈಗ ಸುಮ್ನಾಗಿದ್ದಾಳೆ. ಅಲ್ಯೂಮಿನಿಯಂ ಬೋಟಿನಲ್ಲಿ ಏನು ನೋಡಬೇಕು?

ಗಂಗೊಳ್ಳಿ_ಮಾಣಿ

ದಬ್ ಅಂದ್ರೆ ಒಳಗಿನ ಮರ ಕೊಳೆತ ಹಾಗೆ, ಬಿಟ್ಟುಬಿಡಿ.

ಅಲ್ಯೂಮಿನಿಯಂದು ರಿವೆಟ್ ಹೊಡೆದಿದ್ದಾ, ವೆಲ್ಡಿಂಗಾ ಕೇಳಿ. ರಿವೆಟ್ ಹಳೆಯದಾದ್ರೆ ಸಡಿಲವಾಗಿ ಜಿನುಗುತ್ತೆ. ಮಾರುವವರು ಒಪ್ಪಿದ್ರೆ ಟ್ರೇಲರ್ ಮೇಲೆ ಇದ್ದಾಗಲೇ ಬೋಟಿನೊಳಗೆ ಪೈಪ್ ಬಿಟ್ಟು ನಾಲ್ಕು ಇಂಚು ನೀರು ನಿಲ್ಲಿಸಿ. ಜಾಸ್ತಿ ಬೇಡ, ಟ್ರೇಲರ್ ತಡೆಯಲ್ಲ. ಆಮೇಲೆ ಕೆಳಗೆ ಮಲಗಿ ಟಾರ್ಚ್ ಹಾಕಿ. ಹನಿ ಬಿದ್ದ ಕಡೆ ಚಾಕ್‌ಪೀಸ್‌ನಿಂದ ಗುರುತು ಮಾಡಿ. ಮೂರ‍್ನಾಲ್ಕು ಹನಿ ಇದ್ರೆ ಹೆದರಬೇಡಿ, ರಿವೆಟ್ ಮತ್ತೆ ಬಡಿದು ಬಿಗಿ ಮಾಡಬಹುದು. ತಗಡು ಕೂಡುವ ಸೀಮ್ ಉದ್ದಕ್ಕೂ ಸಾಲಾಗಿ ಜಿನುಗಿದ್ರೆ ಬೆಲೆ ಇಳಿಸಿ ಕೇಳಿ.

ತಳದಲ್ಲಿ ತಾಮ್ರದ ತಂತಿ ತುಂಡು, ನಾಣ್ಯ ಬಿದ್ದಿದ್ರೆ ಎತ್ತಿ ಆ ಜಾಗ ನೋಡಿ. ಒದ್ದೆಯಲ್ಲಿ ತಾಮ್ರ ತಾಗಿಕೊಂಡೇ ಇದ್ರೆ ಅಲ್ಯೂಮಿನಿಯಂ ತಿಂದುಹೋಗುತ್ತೆ. ಬಿಳಿ ಪುಡಿ ಕಂಡ್ರೆ ಚಾಕು ತುದಿಯಿಂದ ಕೆರೆದು ಗುಂಡಿ ಎಷ್ಟು ಆಳ ಅಂತ ನೋಡಿ.

ನೋಡಿದ ಮೇಲೆ ನೀರು ಬಿಡೋ ಪ್ಲಗ್ ತೆಗೆದೇ ಇಟ್ಟುಕೊಳ್ಳಿ, ಈ ರಾಜ್ಯದಲ್ಲಿ ಪ್ಲಗ್ ಹಾಕಿಕೊಂಡು ಬೋಟ್ ಸಾಗಿಸೋ ಹಾಗಿಲ್ಲ. ಕೆರೆಗೆ ಇಳಿಸುವಾಗ ವಾಪಸ್ ಹಾಕೋದು ಮಾತ್ರ ಮರೀಬೇಡಿ. ನಾನು ಒಂದು ಸಲ ಮರೆತಿದ್ದೆ, ಕಾಲು ಒದ್ದೆಯಾದ ಮೇಲೆ ನೆನಪಾಯ್ತು.